ಊಟ ಆಯ್ತಾ, ಮಿಹೊ?

‘ಕೊಕೊ’ (2017) ಸಿನಿಮಾ ನೋಡಿದವರಿಗೆ ಮಿಗೆಲ್‌ನ ಅಜ್ಜಿ ನೆನಪಿರಬೇಕು. ಮೆಕ್ಸಿಕೊದ ಪುಟ್ಟ ಊರು, ತಲೆಮಾರುಗಳಿಂದ ಬೂಟು ಹೊಲಿಯುವ ಮನೆತನ. ಮೊಮ್ಮಗ ಊಟಕ್ಕೆ ಕೂತಿದ್ದಾನೆ, ಅಜ್ಜಿ ತಮಾಲೆ ಬಡಿಸುತ್ತಿದ್ದಾಳೆ. ತಮಾಲೆ ಅಂದರೆ ಮೆಕ್ಕೆಜೋಳದ ಹಿಟ್ಟಿನೊಳಗೆ ಮಾಂಸವನ್ನೋ ಮೆಣಸಿನಕಾಯನ್ನೋ ಇಟ್ಟು, ತೆನೆಯ ಸಿಪ್ಪೆಯಲ್ಲೇ ಸುತ್ತಿ ಹಬೆಯಲ್ಲಿ ಬೇಯಿಸಿದ ತಿನಿಸು. ನಮ್ಮ ಕೊಟ್ಟೆ ಕಡುಬಿಗೆ ದೂರದ ನೆಂಟ. ಹುಡುಗ ಸಾಕು ಅನ್ನುತ್ತಾನೆ. ಅಜ್ಜಿಯ ಮುಖ ಗಂಟಿಕ್ಕುತ್ತದೆ. ಇನ್ನೊಮ್ಮೆ ಕೇಳುತ್ತಾಳೆ, ಈ ಸಲ ಕಣ್ಣು ಕೆಕ್ಕರಿಸಿ. ಹುಡುಗ ಹೆದರಿ ಹೂಂ ಅನ್ನುತ್ತಾನೆ. ಅಜ್ಜಿಯ ಮುಖ ಅರಳುತ್ತದೆ, ತಟ್ಟೆ ತುಂಬುತ್ತದೆ. ಈ ಅಜ್ಜಿಯ ಬಾಯಲ್ಲಿ ಪದೇ ಪದೇ ಬರುವ ಮಾತು ‘ಮಿಹೊ’. ಕೈಗೆ ಪದೇ ಪದೇ ಬರುವ ವಸ್ತು ‘ಚಾಂಕ್ಲ’, ಅಂದರೆ ಕಾಲಿನ ಚಪ್ಪಲಿ.

ಸಿನಿಮಾ ಇಂಗ್ಲಿಷಿನದು. ಆದರೂ ಅದನ್ನು ಮಾಡಿದವರು ‘ಮಿಹೊ’ ಪದವನ್ನು ಹಾಗೇ ಬಿಟ್ಟಿದ್ದಾರೆ. ‘ನನ್ನ ಮಗ’ ಎಂದು ಇಂಗ್ಲಿಷಿನಲ್ಲಿ ಹೇಳಿಸಿದ್ದರೆ ಅಜ್ಜಿ ಪಾದ್ರಿಯ ಹಾಗೆ ಕೇಳಿಸುತ್ತಿದ್ದಳು. ಮಿಗೆಲ್ ಅವಳ ಮಗನೂ ಅಲ್ಲವಲ್ಲ, ಮೊಮ್ಮಗ. ಮೆಕ್ಸಿಕೊದ ಅಜ್ಜಿ ಮೊಮ್ಮಗನಿಗೆ ಮಿಹೊ ಅನ್ನುತ್ತಾಳೆ. ಪಕ್ಕದ ಮನೆ ಹುಡುಗನಿಗೂ ಮಿಹೊ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೂ ಮಿಹೊ, ಟಿವಿಯಲ್ಲಿ ಗೋಲು ತಪ್ಪಿಸಿದ ಆಟಗಾರನಿಗೂ ಮಿಹೊ. ಹುಡುಗಿಯಾದರೆ ಮಿಹ. ಇನ್ನಷ್ಟು ಮುದ್ದು ಬೇಕಾದರೆ ಮಿಹಿತೊ, ಮಿಹಿತ.

ಪದದ ಹುಟ್ಟು ಸರಳ. ‘ಮಿ’ ಅಂದರೆ ನನ್ನ, ‘ಈಹೊ’ ಅಂದರೆ ಮಗ. ಎರಡು ಇಕಾರ ಒಂದಕ್ಕೊಂದು ತಾಕಿದವು, ಒಂದು ಇನ್ನೊಂದರೊಳಗೆ ಕರಗಿತು. ಬರೆಯುವಾಗ ಸ್ಪ್ಯಾನಿಷರು ‘ಈಹೊ’ ಪದವನ್ನು ಎಚ್ ಅಕ್ಷರದಿಂದ ಆರಂಭಿಸುತ್ತಾರೆ, ಆದರೆ ಆ ಅಕ್ಷರ ಬಾಯಿ ಬಿಡುವುದಿಲ್ಲ. ನಮ್ಮ ಕಿವಿಗೆ ಬೀಳುವ ‘ಹ’ ಅವರ ಜೆ ಅಕ್ಷರದ್ದು. ಉತ್ತರ ಸ್ಪೇನಿನವನ ಬಾಯಲ್ಲಿ ಅದು ಗಂಟಲು ಕೆರೆಯುವ ಖಕಾರದ ಹತ್ತಿರ ಹೋಗುತ್ತದೆ. ಕೆರಿಬಿಯನ್ ದ್ವೀಪಗಳಲ್ಲಿ ಬರೀ ಉಸಿರು. ಮಿಹೊ ಅನ್ನುವುದಕ್ಕೆ ಈ ಬರೀ ಉಸಿರೇ ಸರಿ ಎಂದು ನನ್ನ ಕಿವಿ ಹೇಳುತ್ತದೆ. ಗಂಟಲು ಕೆರೆದು ಮುದ್ದು ಮಾಡುವುದು ಕಷ್ಟ.

ಆ ಮೂಕ ಎಚ್ಚಿನ ಕತೆ ಕನ್ನಡಿಗರಿಗೆ ವಿಶೇಷವಾಗಿ ಹಿಡಿಸಬೇಕು. ಲ್ಯಾಟಿನ್ನಿನಲ್ಲಿ ಮಗ ಅಂದರೆ ‘ಫಿಲಿಯುಸ್’. ಸ್ಪೇನಿನ ಕಾಸ್ತೀಲ್ ಪ್ರಾಂತದ ಜನ ಆ ಫಕಾರವನ್ನು ಹಕಾರ ಮಾಡಿದರು, ಆಮೇಲೆ ಹಕಾರವನ್ನೂ ಕೈಬಿಟ್ಟರು. ಹಿಟ್ಟಿಗೆ ‘ಫರೀನ’ ಅನ್ನುತ್ತಿದ್ದುದು ‘ಅರೀನ’ ಆಯಿತು, ಹೊಗೆಗೆ ‘ಫೂಮುಸ್’ ಅನ್ನುತ್ತಿದ್ದುದು ‘ಊಮೊ’ ಆಯಿತು. ಪಂಪನ ಕಾಲದ ಪಾಲು, ಪುಲಿ, ಪೂ ನಮ್ಮಲ್ಲಿ ಹಾಲು, ಹುಲಿ, ಹೂವು ಆದದ್ದೂ, ಮಂಡ್ಯ-ಚಾಮರಾಜನಗರದ ಕಡೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆಲು, ಉಲಿ, ಊವು ಆದದ್ದೂ ಹೆಚ್ಚುಕಡಿಮೆ ಇದೇ ದಾರಿ. 1492ರಲ್ಲಿ ಆಂತೋನಿಯೊ ದೆ ನೆಬ್ರಿಹ ಸ್ಪ್ಯಾನಿಷಿನ ಮೊದಲ ವ್ಯಾಕರಣ ಬರೆದಾಗ ಆ ಹಕಾರ ಇನ್ನೂ ಉಸಿರಾಡುತ್ತಿತ್ತು. ಅದೇ ವರ್ಷ ಕೊಲಂಬಸ್ ಹಡಗು ಹತ್ತಿದ. ಅವನ ಹಿಂದೆ ಹೋದವರ ಮೊಮ್ಮಕ್ಕಳು ಮರಿಮಕ್ಕಳ ಬಾಯಲ್ಲಿ ಹಕಾರ ಸವೆದು, ಇಕಾರಗಳು ಬೆಸೆದು, ಮಿಹೊ ಅನ್ನುವುದು ಅಮೆರಿಕ ಖಂಡದ ಸೊತ್ತಾಯಿತು.

ಇನ್ನು ಈ ಪದದ ಬಗ್ಗೆ ಯೋಚಿಸುವ ಯಾವ ಕನ್ನಡಿಗನಿಗೂ ನಗು ತರಿಸುವ ಸಂಗತಿ. ‘ನನ್ನ’ ಮತ್ತು ‘ಮಗ’ ಎರಡನ್ನೂ ಬೆಸೆದು ಅವರು ಒಂದು ಪದ ಮಾಡಿದರು, ಅದು ಮುದ್ದಾಯಿತು. ಅವೇ ಎರಡನ್ನು ಬೆಸೆದು ನಾವೂ ಒಂದು ಪದ ಮಾಡಿದೆವು: ನನ್ಮಗ. ಅದು ಬೈಗುಳವಾಯಿತು! ‘ಆ ನನ್ಮಗ ದುಡ್ಡು ವಾಪಸ್ ಕೊಡಲಿಲ್ಲ’ ಅನ್ನುವಾಗ ಅಲ್ಲಿ ವಾತ್ಸಲ್ಯದ ಲವಲೇಶವೂ ಇಲ್ಲ. ‘ನನ್ನ ಮಗ’ ಎಂದು ಬಿಡಿಸಿ ಹೇಳಿದರೆ ಅಕ್ಕರೆ, ಕೂಡಿಸಿ ಹೇಳಿದರೆ ಜಗಳ. ಕನ್ನಡದಲ್ಲಿ ಮುದ್ದು ಬೇಕಾದರೆ ‘ನನ್ನ’ ಅನ್ನುವುದನ್ನು ಬಿಟ್ಟೇ ಬಿಡಬೇಕು. ‘ಬಾ ಮಗಾ’, ‘ಏನ್ ಮಗಾ ಸಮಾಚಾರ’. ಬೆಂಗಳೂರಿನ ಕಾಲೇಜು ಹುಡುಗರ ‘ಮಗಾ’ ಅಂತೂ ಮಿಹೊವಿನ ಒಡಹುಟ್ಟು. ಅದರಲ್ಲಿ ಅಪ್ಪನೂ ಇಲ್ಲ, ಮಗನೂ ಇಲ್ಲ, ಇಬ್ಬರು ಗೆಳೆಯರಿದ್ದಾರೆ ಅಷ್ಟೆ. ಮೈಸೂರು ಸೀಮೆಯ ತಾಯಂದಿರು ಇನ್ನೂ ಧಾರಾಳಿಗಳು, ಹೆಣ್ಣುಮಗಳನ್ನೂ ‘ಬಾ ಮಗಾ’ ಎಂದೇ ಕರೆಯುತ್ತಾರೆ. ಹಾಗೆಂದು ನನ್ಮಗ ಪೂರ್ತಿ ಕೆಟ್ಟುಹೋಗಿಲ್ಲ. ಡಬ್ಬಿಯಿಂದ ಉಂಡೆ ಕದ್ದು ಓಡುವ ಮೊಮ್ಮಗನ ಹಿಂದೆ ಅಜ್ಜಿ ‘ಕಳ್ ನನ್ಮಗ’ ಅಂದಳೋ, ಬೈಗುಳ ತಿರುಗಿ ಮುದ್ದಾಗುತ್ತದೆ.

ಸ್ಪ್ಯಾನಿಷಿಗೂ ಬೈಗುಳ ಬೇಕಲ್ಲ. ಅದು ಬೇರೆ ದಾರಿ ಹಿಡಿಯಿತು. ‘ನನ್ನ’ ತೆಗೆದು ‘ಇಂಥವಳ’ ಎಂದು ಸೇರಿಸಿದರೆ, ‘ಈಹೊ ದೆ…’ ಎಂದು ಶುರುವಾಗಿ ತಾಯಿಯ ಶೀಲದ ಮೇಲೆ ಮುಗಿಯುವ ಆ ಭಾಷೆಯ ಅತಿ ಹೊಲಸು ಬೈಗುಳ ಸಿದ್ಧ. ಮುಂದಿನ ಪದ ಇಲ್ಲಿ ಬೇಡ. ಕವಿ ಒಕ್ತಾವಿಯೊ ಪಾಸ್ ತನ್ನ ‘ಏಕಾಂತದ ಚಕ್ರವ್ಯೂಹ’ (1950) ಪುಸ್ತಕದ ಒಂದಿಡೀ ಅಧ್ಯಾಯವನ್ನು ಮೆಕ್ಸಿಕೊದ ಅಂಥ ಒಂದು ಬೈಗುಳಕ್ಕೆ ಮೀಸಲಿಟ್ಟಿದ್ದಾನೆ. ಮೆಕ್ಸಿಕೊವನ್ನು ಗೆದ್ದ ಕೊರ್ತೆಸ್‌ಗೆ ದುಭಾಷಿಯಾಗಿ, ಅವನ ಮಗನಿಗೆ ತಾಯಿಯೂ ಆದ ಮಲಿಂಚೆಯವರೆಗೆ ಅದರ ಬೇರನ್ನು ಹುಡುಕಿಕೊಂಡು ಹೋಗುತ್ತಾನೆ. ಬಲು ಗಂಭೀರ ಬರಹ. ಮನೆಮಂದಿಯೆದುರು ಬೈಯಲಾಗದ ಮೆಕ್ಸಿಕನ್ನರು ಮಾತ್ರ ಶುರು ಮಾಡಿದ್ದನ್ನು ಅರ್ಧಕ್ಕೇ ತಿರುಗಿಸಿ ‘ಈಹೊಲೆ!’ ಅಂದುಬಿಡುತ್ತಾರೆ. ಬಸ್ಸು ತಪ್ಪಿದರೆ ಈಹೊಲೆ, ಬಿಲ್ಲು ನೋಡಿದರೆ ಈಹೊಲೆ. ಅಯ್ಯೋ ಶಿವನೇ ಅಂದ ಹಾಗೆ, ಯಾರಿಗೂ ನೋವಿಲ್ಲ.

ಮಿಹೊಗೆ ತನ್ನದೇ ಅರ್ಥ ಅಂತ ಇರುವುದು ಬಹಳ ಕಡಿಮೆ. ವಾಕ್ಯದ ಯಾವ ತುದಿಗೆ ಅದು ಅಂಟಿಕೊಂಡಿದೆ ಅನ್ನುವುದರ ಮೇಲೆ ಅದರ ರುಚಿ. ಕೊನೆಗೆ ಬಂದರೆ ಮಾತಿನ ಮೊನೆ ಮುರಿಯುತ್ತದೆ. ‘ಯಾ ಕೊಮಿಸ್ತೆ, ಮಿಹೊ?’ ಊಟ ಆಯ್ತಾ ಮಗಾ? ‘ಆಂದಲೆ, ಮಿಹೊ’, ನಡಿ ಮಗಾ, ಹೊತ್ತಾಯ್ತು. ಬಾಗಿಲು ಹಾಕು ಅನ್ನುವುದು ಅಪ್ಪಣೆ. ಬಾಗಿಲು ಹಾಕು ಮಿಹ ಅಂದರೆ ಅಪ್ಪಣೆಯೇ ಹೌದು, ಆದರೆ ಕೇಳಿದವಳಿಗೆ ಎದ್ದು ಹೋಗಲು ಬೇಸರವಾಗುವುದಿಲ್ಲ. ಮೊದಲಿಗೆ ಬಂದರೆ ಹುಷಾರಾಗಿರಬೇಕು. ‘ಮಿಹೊ…’ ಎಂದು ಶುರುಮಾಡಿ ಒಂದು ಗಳಿಗೆ ಸುಮ್ಮನಾದರೆ, ಹಿಂದೆಯೇ ಬುದ್ಧಿವಾದ ಬರುತ್ತಿದೆ ಎಂದೇ ಅರ್ಥ. ಸಾಲದ ಬಗ್ಗೆ, ಕುಡಿತದ ಬಗ್ಗೆ, ಆ ಹುಡುಗಿಯ ಬಗ್ಗೆ. ಒಂಟಿಯಾಗಿ, ಬೇರೇನೂ ಇಲ್ಲದೆ, ಉದ್ದಕ್ಕೆ ಎಳೆದು ‘ಆಯ್, ಮಿಹೊ’ ಅಂದರೆ ಮಗ ಏನೋ ಕೆಡಿಸಿಕೊಂಡಿದ್ದಾನೆ, ಅಮ್ಮನಿಗೆ ಗೊತ್ತಾಗಿದೆ, ಬೈಯುವ ಹಂತ ದಾಟಿದೆ.

‘ಆಯ್, ಮಿಹ’ ಅನ್ನುವುದರ ದಾರಿಯೇ ಬೇರೆ. ಇದು ಹೆಂಗಸರ ನಡುವಿನದು, ವಯಸ್ಸಿನ ಲೆಕ್ಕ ಇಲ್ಲ. ಅರುವತ್ತರ ಇಬ್ಬರು ಗೆಳತಿಯರು ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಒಬ್ಬರಿಗೊಬ್ಬರು ಮಿಹ ಅನ್ನುತ್ತಿದ್ದರೆ ಅಲ್ಲಿ ತಾಯಿ-ಮಗಳ ಮಾತೇ ಇಲ್ಲ. ‘ಆಯ್, ಮಿಹ, ನಿನಗೇನು ಹೇಳಲಿ’ ಎಂದು ಒಬ್ಬಳು ಧ್ವನಿ ತಗ್ಗಿಸಿದರೆ ಇನ್ನೊಬ್ಬಳು ಚೀಲ ಮಡಿಲಿಗೆ ಎಳೆದುಕೊಂಡು ಹತ್ತಿರ ಸರಿಯುತ್ತಾಳೆ. ಸೊಸೆಯ ಸುದ್ದಿ ಬರುತ್ತಿದೆ. ಕ್ಯೂಬಾದಲ್ಲಂತೂ ಮಿಹೊ-ಮಿಹ ಬಹುಪಾಲು ಉದ್ಗಾರವಾಗಿಬಿಟ್ಟಿವೆ. ಏನು ಸೆಕೆ ಮಿಹೊ, ಏನು ರಶ್ಶು ಮಿಹ! ನಮ್ಮ ಕರಾವಳಿ-ಮಲೆನಾಡಿನ ‘ಮಾರಾಯ’, ‘ಮಾರಾಯ್ತಿ’ ಮಾಡುವ ಕೆಲಸವನ್ನೇ ಅಲ್ಲಿ ಇವು ಮಾಡುತ್ತವೆ.

ಮೆಕ್ಸಿಕೊದ ಸಂತೆಗೆ ‘ತಿಯಾಂಗಿಸ್’ ಎಂದು ಹೆಸರು, ಸ್ಪ್ಯಾನಿಷರು ಬರುವ ಮುಂಚಿನ ನಾವಾಟ್ಲ್ ಭಾಷೆಯಿಂದ ಬಂದ ಪದ. ಬೀದಿಗೆ ಅಡ್ಡಲಾಗಿ ಬಣ್ಣದ ತಾಡಪಾಲು ಕಟ್ಟಿ, ಮೆಣಸಿನಕಾಯಿ ಟೊಮೇಟೊ ಗುಡ್ಡೆ ಹಾಕಿ ಕೂರುವ ಹೆಂಗಸರಿಗೆ ಬಾಯಿ ಸುಮ್ಮನಿರುವುದಿಲ್ಲ. ಹಾದುಹೋಗುವವಳು ಯಾರೇ ಆಗಿರಲಿ ‘ಗ್ವೆರಿತ’, ಅಂದರೆ ಬೆಳ್ಳಗಿರೋಳೇ. ಅವಳ ಬಣ್ಣ ಏನಿದ್ದರೂ ಸರಿ. ಕಾಯಂ ಗಿರಾಕಿಯಾದರೆ ‘ಮಾರ್ಚಾಂತಿತ’. ಏನು ತಗೋತೀಯ ಮಿಹ ಎಂದು ಕೇಳುವವಳು ಮಾತ್ರ ಸಾಮಾನ್ಯವಾಗಿ ವಯಸ್ಸಾದವಳು. ಈ ಪದಕ್ಕೆ ಇರುವ ಒಂದೇ ಒಂದು ಕಟ್ಟುಪಾಡು ಅದು: ಗೆಳೆಯರ ನಡುವೆ ಅಡ್ಡಕ್ಕೆ ಓಡಾಡಬಹುದು, ಹಿರಿಯರಿಂದ ಕಿರಿಯರಿಗೆ ಇಳಿಯಬಹುದು, ಮೇಲಕ್ಕೆ ಹತ್ತುವುದಿಲ್ಲ. ಇಪ್ಪತ್ತರ ಹುಡುಗ ಎಪ್ಪತ್ತರ ಮುದುಕನಿಗೆ ಮಿಹೊ ಅಂದರೆ ಪೆಟ್ಟು ಬೀಳದಿದ್ದರೆ ಪುಣ್ಯ.

ಆದರೆ ಈ ಪದದ ಪೂರ್ತಿ ಸೊಗಸು ಕಾಣಬೇಕಾದರೆ ಕೊಲಂಬಿಯಾಕ್ಕೆ ಹೋಗಬೇಕು. ಸ್ಪ್ಯಾನಿಷಿನಲ್ಲಿ ‘ನೀನು’ ಅನ್ನಲು ‘ತೂ’, ‘ನೀವು’ ಅನ್ನಲು ‘ಉಸ್ತೆದ್’. ಮಕ್ಕಳಿಗೆ, ಗೆಳೆಯರಿಗೆ, ದೇವರಿಗೆ ತೂ. ಮ್ಯಾನೇಜರಿಗೆ, ಪೊಲೀಸರಿಗೆ ಉಸ್ತೆದ್ ಎಂದು ಪಠ್ಯಪುಸ್ತಕ ಕಲಿಸುತ್ತದೆ. ಕೊಲಂಬಿಯಾದ ಬೆಟ್ಟದ ಊರುಗಳಲ್ಲಿ ಈ ಪಾಠ ಕೈಕೊಡುತ್ತದೆ. ಅಲ್ಲಿ ತಾಯಿ ಮೂರು ವರ್ಷದ ಮಗುವಿಗೆ ಉಸ್ತೆದ್ ಅನ್ನುತ್ತಾಳೆ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ, ಅಣ್ಣ ತಮ್ಮನಿಗೆ, ಯಜಮಾನ ತನ್ನ ನಾಯಿಗೆ. ‘ಬೆಂಗ, ಮಿಹೊ’, ಬನ್ನಿ ಮಗಾ! ಬಹುವಚನದ ದೂರ, ಏಕವಚನದ ಅಪ್ಪುಗೆ ಎರಡೂ ಒಂದೇ ಉಸಿರಿನಲ್ಲಿ. ಆಂತಿಯೋಕಿಯ ಪ್ರಾಂತದಲ್ಲಿ ವಯಸ್ಸಾದ ದಂಪತಿ ಒಬ್ಬರನ್ನೊಬ್ಬರು ಕರೆಯುವುದೇ ಮಿಹೊ, ಮಿಹ ಎಂದು. ಐವತ್ತು ವರ್ಷ ಸಂಸಾರ ಮಾಡಿದ ಗಂಡನನ್ನು ‘ಮಿಹೊ, ಸ್ವಲ್ಪ ಕಾಫಿ ಹಾಕ್ತೀರಾ?’ ಎಂದು ಕೇಳುವ ಹೆಂಡತಿಯ ಮಾತಿನಲ್ಲಿ ಮಗನೂ ಇದ್ದಾನೆ, ಯಜಮಾನನೂ ಇದ್ದಾನೆ, ಅಡುಗೆಮನೆಗೆ ಕಳಿಸಬಹುದಾದ ಆಳೂ ಇದ್ದಾನೆ. ಗಂಡನ ಹೆಸರು ಹೇಳಲಾರದೆ ‘ಏನೂಂದ್ರೆ’ ಎಂದು ದಾಟಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಇಂಥದ್ದೊಂದು ಪದ ಸಿಕ್ಕಿದ್ದರೆ ಎಷ್ಟು ಅನುಕೂಲವಿತ್ತು.

ಅದೇ ಕೊಲಂಬಿಯಾದ ಬೊಯಾಕ ಪ್ರಾಂತದಲ್ಲಿ ‘ಸುಮೆರ್ಸೆ’ ಎಂಬ ಇನ್ನೊಂದು ಸಂಬೋಧನೆ ಇದೆ. ಮೂಲದಲ್ಲಿ ‘ತಮ್ಮ ದಯೆ’ ಎಂದು ಜೀತದವರು ಒಡೆಯನ ಮುಂದೆ ಬಗ್ಗಿ ನಿಂತು ಹೇಳುತ್ತಿದ್ದ ಮಾತು. ಒಡೆಯರು ಹೋದರು, ಬಗ್ಗಿದ ಬೆನ್ನು ಹೋಯಿತು, ಉಳಿದ ಪದವನ್ನು ಅಮ್ಮಂದಿರು ಮಕ್ಕಳಿಗೆ ಕೊಟ್ಟರು. ‘ಸುಮೆರ್ಸೆ, ಸೂಪು ಕುಡೀರಿ.’

ಮಿಹೊವಿನ ಜೊತೆ ಬರುವ ಇನ್ನೊಂದು ಪುಟ್ಟ ಪದವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ‘ಮೆ’, ನನಗೆ. ವಾಕ್ಯದ ಅರ್ಥಕ್ಕೆ ಅದು ಬೇಕಾಗಿಯೇ ಇಲ್ಲ. ಊರಿಗೆ ಹೊರಟ ಮಗಳಿಗೆ ತಾಯಿ ಹೇಳುತ್ತಾಳೆ: ‘ನೊ ಸೆ ಮೆ ಬಾಯ ಆ ಎನ್‌ಫೆರ್ಮಾರ್, ಮಿಹ.’ ಹುಷಾರು ತಪ್ಪೀರಿ ಮಗಳೇ ಎಂದು ಹೇಳಲು ಆ ‘ಮೆ’ ಇಲ್ಲದೆಯೂ ಸಾಕು. ಅದನ್ನು ಸೇರಿಸಿದರೆ ‘ನನಗೆ ನೀವು ಕಾಯಿಲೆ ಬೀಳಬೇಡಿ’ ಎಂದಾಗುತ್ತದೆ. ಕಾಯಿಲೆ ಬೀಳುವವಳು ಮಗಳು, ನರಳುವವಳು ತಾನು ಎಂಬ ಇಡೀ ಲೆಕ್ಕ ಆ ಒಂದಕ್ಷರದಲ್ಲಿ ಕೂತಿದೆ. ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಬಂದ ತಾಯಿಯ ದೂರು, ಸ್ಪೇನ್‌ನಲ್ಲೂ ಲ್ಯಾಟಿನ್ ಅಮೆರಿಕದಲ್ಲೂ, ‘ಎಲ್ ನಿನ್ಯೊ ನೊ ಮೆ ಕೊಮೆ’: ಮಗು ನನಗೆ ಊಟ ಮಾಡಲ್ಲ. ವ್ಯಾಕರಣದವರು ಇದಕ್ಕೆ ಏನೋ ಚತುರ್ಥಿ ಎಂದು ಹೆಸರು ಕೊಟ್ಟಿದ್ದಾರೆ. ಹೊಸಿಲು ದಾಟುವವನ ಹಣೆಯ ಮೇಲೆ ಶಿಲುಬೆಯ ಗುರುತು ಬರೆದು ಕೊಲಂಬಿಯಾದ ಅಜ್ಜಿ ಹೇಳುವ ‘ದಿಯೋಸ್ ಮೆ ಲೊ ಬೆಂದಿಗ, ಮಿಹೊ’ದಲ್ಲಿ ಮೂರು ಎಳೆಗಳೂ ಒಟ್ಟಿಗಿವೆ. ದೇವರು ಒಳ್ಳೆಯದು ಮಾಡಲಿ, ‘ನಿಮಗೆ’ ಎಂಬ ಬಹುವಚನ, ‘ನನಗೋಸ್ಕರ’ ಎಂಬ ಮೆ, ಕಡೆಗೆ ಮಗಾ. ವೆನೆಜುವೆಲದಲ್ಲಿ ಇದು ಎರಡು ಪಾಲಿನ ಸಂಭಾಷಣೆ. ಫೋನ್ ಎತ್ತಿದ ಕೂಡಲೇ ಮಗ ಹಲೋ ಅನ್ನುವುದಿಲ್ಲ, ‘ಬೆಂದಿಸಿಯೋನ್, ಮಮಾ’ ಎಂದು ಆಶೀರ್ವಾದ ಬೇಡುತ್ತಾನೆ. ಆಕೆ ದೇವರು ಒಳ್ಳೇದು ಮಾಡಲಿ ಮಿಹೊ ಅಂದ ಮೇಲೆಯೇ ಮಿಕ್ಕ ಸುದ್ದಿ. ಕಳೆದ ಹತ್ತು ವರ್ಷಗಳಲ್ಲಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಆ ದೇಶ ಬಿಟ್ಟಿದ್ದಾರೆ. ಲಿಮಾದಲ್ಲೋ ಬೊಗೊತಾದಲ್ಲೋ ಊಟದ ಡಬ್ಬಿ ಹೊತ್ತು ಬೈಕ್ ಓಡಿಸುವ ಹುಡುಗ ಈಗ ವಾಟ್ಸಾಪಿನ ಧ್ವನಿ ಸಂದೇಶದಲ್ಲಿ ಅದನ್ನು ಕೇಳಿಸಿಕೊಳ್ಳುತ್ತಾನೆ.

ಉಸ್ತೆದ್ ಎಲ್ಲ ಕಡೆಯೂ ಕೊಲಂಬಿಯಾದಷ್ಟು ಮೆತ್ತಗಿಲ್ಲ. ಅದು ಕೊಯ್ಯುವುದನ್ನು ನೋಡಬೇಕಾದರೆ ಹುವಾನ್ ರುಲ್ಫೊನ ಕತೆಯೊಂದನ್ನು ಓದಬೇಕು. ಮೆಕ್ಸಿಕೊದ ಹಲಿಸ್ಕೊ ಪ್ರಾಂತದ ಈ ಲೇಖಕ ತನ್ನ ಬದುಕಿನಲ್ಲಿ ಬರೆದದ್ದು ಬಹಳ ಕಡಿಮೆ. 1953ರಲ್ಲಿ ಬಂದ ಅವನ ಕಥಾಸಂಕಲನದಲ್ಲಿ ‘ನಾಯಿ ಬೊಗಳುವುದು ಕೇಳಿಸುತ್ತಿಲ್ಲವೇ’ ಎಂಬರ್ಥದ ಹೆಸರಿನ ಕತೆ ಕೆಲವೇ ಪುಟಗಳದ್ದು. ರಾತ್ರಿ, ಬೆಳದಿಂಗಳು, ಕಲ್ಲುದಾರಿ. ಮುದುಕ ತಂದೆಯೊಬ್ಬ ಗಾಯಗೊಂಡ ತನ್ನ ಬೆಳೆದ ಮಗ ಇಗ್ನಾಸಿಯೊನನ್ನು ಹೆಗಲ ಮೇಲೆ ಹೊತ್ತು ತೊನಾಯ ಎಂಬ ಊರಿನ ಡಾಕ್ಟರ ಬಳಿಗೆ ನಡೆಯುತ್ತಿದ್ದಾನೆ. ಮಗನ ಬಿಗಿ ಹಿಡಿತದಲ್ಲಿ ಅವನಿಗೆ ಏನೂ ಕೇಳಿಸದು. ಹಾಗಾಗಿ ಊರು ಹತ್ತಿರ ಬಂತೇ, ನಾಯಿ ಬೊಗಳುತ್ತಿವೆಯೇ ಎಂದು ಮೇಲೆ ಕೂತ ಮಗನನ್ನೇ ಮತ್ತೆ ಮತ್ತೆ ಕೇಳುತ್ತಾನೆ. ಮಗ ದಾರಿಗಳ್ಳ, ಕೊಲೆಗಾರ. ಹೆಸರಿಟ್ಟ ಧರ್ಮಪಿತನನ್ನೂ ಅವನ ಗುಂಪು ಬಿಟ್ಟಿಲ್ಲ.

ನೋವು ತಿನ್ನುತ್ತಿರುವ ಮಗನನ್ನು ತಂದೆ ಮೊದಲು ತೂ ಎಂದೇ ಮಾತಾಡಿಸುತ್ತಾನೆ. ಇಳಿಸಲೇ, ನೋಯುತ್ತಿದೆಯೇ, ಇನ್ನು ಸ್ವಲ್ಪ ದೂರ. ನಡೆಯುತ್ತ ನಡೆಯುತ್ತ ಹಳೆಯದೆಲ್ಲ ನೆನಪಾಗಿ ಸಿಟ್ಟು ಏರುತ್ತದೆ, ಮಾತು ಉಸ್ತೆದ್‌ಗೆ ತಿರುಗುತ್ತದೆ. ನಿಮಗಾಗಿ ಅಲ್ಲ, ಸತ್ತುಹೋದ ನಿಮ್ಮ ತಾಯಿಗಾಗಿ ಈ ಹೊರೆ ಹೊರುತ್ತಿದ್ದೇನೆ ಎಂಬ ಧಾಟಿ. ಇನ್ನು ನೀವು ನನ್ನ ಮಗನಲ್ಲ ಎಂಬಲ್ಲಿಗೆ ಅದು ಮುಟ್ಟುತ್ತದೆ. ಅಲ್ಲಿ ಅವನು ‘ಮಿ ಈಹೊ’ ಎಂದು ಎರಡೂ ಪದಗಳನ್ನು ಬಿಡಿಬಿಡಿಯಾಗಿ ಹೇಳುತ್ತಾನೆ. ಬೆಸುಗೆ ಬಿಟ್ಟಿದೆ. ಮನೆಗೆ ತಡವಾಗಿ ಬಂದ ಮಗನಿಗೆ ‘ಬಂದ್ರಾ ಸ್ವಾಮಿ? ಬಡಿಸ್ಲಾ?’ ಅನ್ನುವ ನಮ್ಮ ತಾಯಂದಿರ ಬಹುವಚನದಲ್ಲಿ ವ್ಯಂಗ್ಯವಿರುತ್ತದೆ. ರುಲ್ಫೊನ ಮುದುಕನದ್ದು ವ್ಯಂಗ್ಯವಲ್ಲ, ಸಂಬಂಧ ಕಡಿದುಕೊಳ್ಳುವ ಪ್ರಯತ್ನ. ಆದರೆ ಅದೇ ಹೊತ್ತಿನಲ್ಲಿ ಮಗನ ಅಷ್ಟೂ ಭಾರ ಅವನ ಹೆಗಲ ಮೇಲಿದೆ. ಬಾಯಿ ಮಗನಲ್ಲ ಅನ್ನುತ್ತದೆ, ಬೆನ್ನು ಇಳಿಸುವುದಿಲ್ಲ. ಊರು ಮುಟ್ಟುವ ಹೊತ್ತಿಗೆ ಮೇಲಿನ ದೇಹ ಜೋಲುಬಿದ್ದಿದೆ. ಜೀವ ಇದೆಯೋ ಇಲ್ಲವೋ ರುಲ್ಫೊ ಹೇಳುವುದಿಲ್ಲ. ಕತ್ತಿನ ಸುತ್ತ ಬಿಗಿದಿದ್ದ ಹಿಡಿತ ಬಿಡಿಸಿಕೊಂಡ ತಂದೆಗೆ ಎಲ್ಲ ಕಡೆಯಿಂದ ನಾಯಿ ಬೊಗಳುವುದು ಕೇಳಿಸುತ್ತದೆ. ಕೊನೆಯ ಆಕ್ಷೇಪವನ್ನು ಅವನು ಮತ್ತೆ ತೂ ಎಂದೇ ಆಡುತ್ತಾನೆ. ತೂ, ಉಸ್ತೆದ್ ಎಂಬ ಎರಡು ಸರ್ವನಾಮಗಳಲ್ಲೇ ಇಷ್ಟನ್ನೂ ಆಗಿಸಿದ ಇನ್ನೊಂದು ಕತೆಯನ್ನು ನಾನು ಓದಿಲ್ಲ.

ದಕ್ಷಿಣಕ್ಕೆ, ಅರ್ಜೆಂಟೀನಾ-ಉರುಗ್ವೆ ಕಡೆಗೆ ಹೋದರೆ ಈ ಪದ ನಾಟಕವೊಂದರ ಹೆಸರಿನಲ್ಲೇ ಕೂತಿದೆ. ಉರುಗ್ವೆಯ ಫ್ಲೊರೆನ್ಸಿಯೊ ಸಾಂಚೆಸ್ ಬರೆದ ‘ಮಿಹೊ ಎಲ್ ದೊತೋರ್’ 1903ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ರಂಗಕ್ಕೆ ಬಂತು. ದೊಕ್ತೋರ್ ಅಲ್ಲ, ದೊತೋರ್. ‘ನನ್ನ ಮಗ ಡಾಕುಟ್ರು’ ಅಂದ ಹಾಗೆ. ಹಳ್ಳಿಯ ತಂದೆ, ಪಟ್ಟಣದಲ್ಲಿ ಓದಿ ಹೆಸರನ್ನೂ ನಡತೆಯನ್ನೂ ಬದಲಿಸಿಕೊಂಡು ಬಂದ ಮಗ, ಇಬ್ಬರ ಜಗಳ. ನಾಟಕ ಓದದವರಿಗೂ ಆ ಹೆಸರು ಗೊತ್ತು. ಇಟಲಿ, ಸ್ಪೇನ್‌ಗಳಿಂದ ಬರಿಗೈಲಿ ಬಂದಿಳಿದ ಲಕ್ಷಾಂತರ ಜನರ ಆಸೆಗೆ ಅದೇ ನುಡಿಗಟ್ಟಾಯಿತು: ನಾನು ಇಟ್ಟಿಗೆ ಹೊತ್ತೆ, ನನ್ನ ಮಗ ದೊತೋರ್. ಹೆಮ್ಮೆ, ಗೇಲಿ ಎರಡಕ್ಕೂ ಈಗ ಒದಗುತ್ತದೆ.

ಮಗನನ್ನು ಮಗ ಅನ್ನುವುದೇನೋ ಸರಿ. ಕ್ಯೂಬಾ, ಪೋರ್ಟೊ ರಿಕೊ ಕಡೆಯ ಮನೆಗಳಲ್ಲಿ ಎರಡು ವರ್ಷದ ಮಗನನ್ನು ‘ಪಾಪಿ’ ಎಂದೂ, ಮಗಳನ್ನು ‘ಮಾಮಿ’ ಎಂದೂ ಕರೆಯುತ್ತಾರೆ. ಅಂದರೆ ಅಪ್ಪಾ, ಅಮ್ಮಾ! ಇಂಗ್ಲಿಷಿನವರು ಇದನ್ನು ಕೇಳಿ ಕಕ್ಕಾಬಿಕ್ಕಿಯಾಗುತ್ತಾರೆ. ನಮಗೆ ವಿವರಣೆಯೇ ಬೇಡ. ‘ಅಳಬೇಡ ನನ್ನಪ್ಪ’, ‘ಬಾರೇ ನಮ್ಮವ್ವ, ಎರಡು ತುತ್ತು ಉಣ್ಣು’ ಎಂದು ರಮಿಸಿಕೊಂಡು ಬೆಳೆದವರು ನಾವು.

ಮುದ್ದಿನ ಪದ ಎಲ್ಲರ ಬಾಯಲ್ಲೂ ಮುದ್ದಾಗಿ ಉಳಿಯುವುದಿಲ್ಲ. ಚಿಲಿಯಲ್ಲಿ ‘ಮಿಹಿತ’ದ ಮುಂದೆ ‘ರೀಕ’ ಸೇರಿಸಿ ಬೀದಿಬದಿಯ ಗಂಡಸರು ಹೋಗುವ ಹೆಣ್ಣುಮಕ್ಕಳ ಮೇಲೆ ಎಸೆಯುತ್ತಿದ್ದರು. ರೀಕ ಅಂದರೆ ರುಚಿಯಾದದ್ದು. ಹುಡುಗಿಯರಿಗೆ ಅದು ರುಚಿಸಿರಲಿಲ್ಲ; 2019ರಲ್ಲಿ ಬೀದಿಯ ಲೈಂಗಿಕ ಕಿರುಕುಳಕ್ಕೆ ಶಿಕ್ಷೆ ವಿಧಿಸುವ ಕಾನೂನು ಬಂತು. ಕಚೇರಿಗಳದ್ದು ಇನ್ನೊಂದು ಬಗೆ. ಸಭೆಯಲ್ಲಿ ಲೆಕ್ಕದ ತಪ್ಪು ತೋರಿಸಿದ ಹುಡುಗಿಗೆ ಹಿರಿಯ ಅಧಿಕಾರಿ ‘ಮಿರೆ, ಮಿಹಿತ’, ನೋಡಮ್ಮಾ ಮಗಳೇ, ಎಂದು ಶುರು ಮಾಡಿದರೆ ಅವಳ ವಾದವನ್ನು ತೊಟ್ಟಿಲಲ್ಲಿ ಮಲಗಿಸಿದಂತೆ. ಕಿರಿಯರಾಗಿಸುವ ಪದ ಅಲ್ಲವೇ, ಕೀಳಾಗಿಸಲೂ ಅದು ಸಾಕು.

ಇಷ್ಟೆಲ್ಲ ಇದ್ದೂ ಭಾಷೆಯ ತವರಾದ ಸ್ಪೇನ್‌ನ ಮುಖ್ಯ ಊರುಗಳಲ್ಲಿ ಮಿಹೊ ಅಷ್ಟಾಗಿ ಕೇಳಿಸದು. ಅಲ್ಲಿ ‘ಈಹೊ’, ‘ಈಹ’ ಅಂದರೆ ಮುಗಿಯಿತು, ‘ನನ್ನ’ ಅನ್ನುವುದು ಬೇಕಿಲ್ಲ. ಈ ಮಟ್ಟಿಗೆ ಅವರು ಕನ್ನಡದವರು. ಆದರೆ ಸೆವಿಯ್ಯದ ಜನ ಸುಮ್ಮನಿರುವವರಲ್ಲ. ‘ಮಿ ಆಲ್ಮ’, ನನ್ನ ಆತ್ಮವೇ, ಅನ್ನುವುದನ್ನು ಹಿಂಡಿ, ಲಕಾರವನ್ನು ರಕಾರ ಮಾಡಿ ‘ಮಿಯಾರ್ಮ’ ಮಾಡಿಟ್ಟುಕೊಂಡಿದ್ದಾರೆ. ಬಾರಿನ ಮಾಣಿ ಬಿಯರ್ ಲೋಟ ಮುಂದಿಡುತ್ತ ಗುರುತು ಪರಿಚಯವಿಲ್ಲದ ಗಿರಾಕಿಗೆ ನನ್ನ ಆತ್ಮವೇ ಅನ್ನುತ್ತಾನೆ. ಅತ್ತ ಈಕ್ವೆಡಾರ್‌ನ ಕಿತೊ ನಗರದ ಪಡ್ಡೆ ಹುಡುಗರು ಮಿಹೊಗೆ ಬಾಲ ಕಟ್ಟಿ ‘ಮಿಹೀನ್’ ಮಾಡಿಕೊಂಡಿದ್ದಾರೆ. ಅದು ಶುದ್ಧ ‘ಏನ್ ಗುರೂ’.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2020ರ ಜನಗಣತಿಯ ಪ್ರಕಾರ ಆರು ಕೋಟಿಗೂ ಹೆಚ್ಚು ಲ್ಯಾಟಿನ್ ಮೂಲದವರಿದ್ದಾರೆ. ಎಲ್ಲರಿಗೂ ಸ್ಪ್ಯಾನಿಷ್ ಬರುವುದಿಲ್ಲ. ಟೆಕ್ಸಸ್‌ನ ಶಾಲೆಗಳಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳಿಗೆ ಬೆತ್ತದ ಏಟು ಬೀಳುತ್ತಿದ್ದ ಕಾಲವೊಂದಿತ್ತು. ಏಟು ತಿಂದವರು ತಮ್ಮ ಮಕ್ಕಳಿಗೆ ಇಂಗ್ಲಿಷನ್ನೇ ಕಲಿಸಿದರು. ಮೂರನೆಯ ತಲೆಮಾರಿನ ಬಾಯಲ್ಲಿ ಕ್ರಿಯಾಪದ ಹೋಗಿದೆ, ಲಿಂಗ-ವಚನ ಹೋಗಿದೆ, ಹಬ್ಬದ ಅಡುಗೆಯ ಹೆಸರುಗಳು, ಒಂದೆರಡು ಬೈಗುಳ ಮತ್ತು ಮಿಹೊ ಉಳಿದಿವೆ. ಇಂಗ್ಲಿಷಿನ ‘ಮೈ’ಯನ್ನೂ ಮುಂದಿಟ್ಟು ‘ಮೈ ಮಿಹೊ’ ಅನ್ನುವವರಿದ್ದಾರೆ. ನನ್ನ ನನ್ನಮಗ ಅಂದಂತೆ! ವ್ಯಾಕರಣ ತಿಳಿದವರು ಹಣೆ ಚಚ್ಚಿಕೊಳ್ಳಲಿ. ಆ ತಾಯಿಗೆ ಒಂದು ‘ನನ್ನ’ ಸಾಲದಿದ್ದರೆ ಎರಡು ಇಟ್ಟುಕೊಳ್ಳಲಿ, ಯಾರ ಗಂಟೇನು ಹೋಗುತ್ತದೆ.

ಬರೆಯುವ ವಿಷಯದಲ್ಲೂ ಇನ್ನೂ ಒಮ್ಮತವಿಲ್ಲ. ಕೆಲವರು ಎಚ್ ಉಳಿಸಿ ಅದರ ಹಿಂದೆ ಕೊಂಬು (ಅಪಾಸ್ಟ್ರಫಿ) ಹಾಕುತ್ತಾರೆ, ಕೆಲವರು ಎಚ್ ಕಿತ್ತು ಕೊಂಬು ಮಾತ್ರ ಉಳಿಸುತ್ತಾರೆ, ಬಹುಪಾಲು ಜನ ಎರಡನ್ನೂ ಬಿಸಾಕುತ್ತಾರೆ. ಬಿಸಾಕಿದಾಗ ಒಂದು ತಮಾಷೆ ಆಗುತ್ತದೆ. ಹಾಗೆ ಬರೆದ ಮಿಹೊ, ಸ್ಪ್ಯಾನಿಷಿನಲ್ಲಿ ಮೊದಲೇ ಇರುವ ಬೇರೊಂದು ಪದದ ಜೊತೆ ಅಕ್ಷರಕ್ಕೆ ಅಕ್ಷರ, ಉಚ್ಚಾರಕ್ಕೆ ಉಚ್ಚಾರ ಸರಿಹೊಂದುತ್ತದೆ. ಲ್ಯಾಟಿನ್ನಿನ ‘ಮಿಲಿಯುಮ್’ನಿಂದ ಬಂದ ಆ ಪದಕ್ಕೆ ಅರ್ಥ ಸಿರಿಧಾನ್ಯ, ಬರಗು, ನವಣೆ, ಸಜ್ಜೆ ಇತ್ಯಾದಿ. ಸ್ಪೇನ್‌ನ ಅಂಗಡಿಗಳಲ್ಲಿ ಆ ಹೆಸರಿನ ಪೊಟ್ಟಣ ಹೆಚ್ಚಾಗಿ ಪಂಜರದ ಹಕ್ಕಿಗೆ. ಭಾರತ ಮುಂದಾಗಿ ಪ್ರಸ್ತಾಪಿಸಿ, ವಿಶ್ವಸಂಸ್ಥೆ ಒಪ್ಪಿ, 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ರಾಗಿಯ ನಾಡಾದ ಕರ್ನಾಟಕದಲ್ಲಿ ಅದರ ಸಡಗರ ಜೋರಾಗಿಯೇ ನಡೆಯಿತು. ಅದರ ಸ್ಪ್ಯಾನಿಷ್ ಹೆಸರು ‘ಆನ್ಯೊ ಇಂತೆರ್ನಾಸಿಯೊನಾಲ್ ದೆಲ್ ಮಿಹೊ’. ಮೆಕ್ಸಿಕೊದ ಅಜ್ಜಿ ಆ ಫಲಕವನ್ನು ಓದಿದ್ದರೆ ಅದನ್ನು ತನ್ನ ಮೊಮ್ಮಗನ ವರ್ಷವೆಂದೇ ತಿಳಿದು, ಇಷ್ಟು ತಡವಾಗಿ ಯಾಕೆ ಘೋಷಿಸಿದರು ಎಂದು ಆಕ್ಷೇಪಿಸುತ್ತಿದ್ದಳು.